ಓದುಗರ ಪ್ರಶ್ನೆಗಳು: ಐನ್‌ಮನೆಯ ಆಲ್ಬಮ್‌ಗಳು ಮುಂದಿನ ಮಳೆಗಾಲಕ್ಕೆ ಮುಂಚೆ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನವು. ಕಾಗದದ ಮೇಲಿರುವ ಹಳೆಯ ಫೋಟೊಗಳನ್ನು ಗುಣಮಟ್ಟ ಕೆಡದಂತೆ ಡಿಜಿಟಲ್ ಪ್ರತಿಗಳನ್ನಾಗಿ ಮಾಡಿಕೊಳ್ಳುವುದು ಹೇಗೆ ಎಂಬುದೇ ಎಲ್ಲ ಪತ್ರಗಳ ವಿಷಯ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆಯಲ್ಲಿ) ಅಜ್ಜನ ಕಾಲದ ಮೂರು ಆಲ್ಬಮ್‌ಗಳಿದ್ದು, ಅವುಗಳಲ್ಲಿ ಸುಮಾರು 350 ಫೋಟೊಗಳಿವೆ. ಸ್ಟುಡಿಯೊದವರು 300 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಸಾಕು ಎನ್ನುತ್ತಾರೆ. ಮಗ ಮೊಬೈಲಿನಲ್ಲೇ ತೆಗೆದು ಮುಗಿಸೋಣ ಎನ್ನುತ್ತಾನೆ. ಯಾರ ಮಾತು ಕೇಳಬೇಕು?
— ನಾಪೋಕ್ಲಿನ ಓದುಗರೊಬ್ಬರು

ಉತ್ತರ: ಡಿಪಿಐ ಎಂದರೆ ಒಂದು ಇಂಚಿನ ಉದ್ದದಲ್ಲಿ ಸ್ಕ್ಯಾನರ್ ಎಷ್ಟು ಚುಕ್ಕೆಗಳನ್ನು ಓದುತ್ತದೆ ಎಂಬ ಲೆಕ್ಕ. 4x6 ಇಂಚಿನ ಫೋಟೊವನ್ನು 300ಕ್ಕೆ ಸ್ಕ್ಯಾನ್ ಮಾಡಿದರೆ 1200x1800 ಪಿಕ್ಸೆಲ್‌ಗಳು, ಅಂದರೆ ಸುಮಾರು 21.6 ಲಕ್ಷ ಚುಕ್ಕೆಗಳು ದೊರೆಯುತ್ತವೆ. ಅಷ್ಟೇ ಅಳತೆಯಲ್ಲಿ ಮತ್ತೊಂದು ಪ್ರತಿ ಮುದ್ರಿಸಲು ಅದು ಸಾಕು. ಸ್ಟುಡಿಯೊದವರ ಮಾತು ಅಷ್ಟರ ಮಟ್ಟಿಗೆ ಸರಿ. ಆದರೆ ಅಜ್ಜನ ಕಾಲದ ಫೋಟೊಗಳು ಸಾಮಾನ್ಯವಾಗಿ ಅಂಗೈಯಷ್ಟೇ ಇರುತ್ತವೆ; ಗೋಡೆಗೆ ಹಾಕಲು ಅವನ್ನು ದೊಡ್ಡದು ಮಾಡಿಸಬೇಕೆಂಬ ಆಸೆ ಮನೆಯಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಆದ್ದರಿಂದ 4x6 ಅಳತೆಯವಕ್ಕೆ 600 ಡಿಪಿಐ ಇರಲಿ, 2x3 ಇಂಚಿನ ಚಿಕ್ಕ ಫೋಟೊಗಳಿಗೂ ಪಾಸ್‌ಪೋರ್ಟ್ ಅಳತೆಯವಕ್ಕೂ 1200 ಇರಲಿ. 4x6ರಲ್ಲೂ 2x3ರಲ್ಲೂ ಕೈಗೆ ಬರುವುದು ಸರಿಸುಮಾರು 2400x3600 ಪಿಕ್ಸೆಲ್‌ಗಳ ಚಿತ್ರವೇ. ಅದಕ್ಕಿಂತ ಮೇಲೆ ಹೋದರೆ ಬಹುಪಾಲು ಸಾಧಾರಣ ಪ್ರಿಂಟುಗಳಲ್ಲಿ ಕಾಗದದ ನಾರು ದೊಡ್ಡದಾಗಿ ಕಾಣುತ್ತದೆಯೇ ಹೊರತು ಮುಖ ಹೆಚ್ಚು ಸ್ಪಷ್ಟವಾಗುವುದಿಲ್ಲ. ಸ್ಕ್ಯಾನರ್ ಪೆಟ್ಟಿಗೆಯ ಮೇಲೆ ಬರೆದಿರುವ ದೊಡ್ಡ ಸಂಖ್ಯೆಗಳಿಗೆ ಮರುಳಾಗಬೇಡಿ. ಲೆನ್ಸ್ ನಿಜವಾಗಿ ಓದುವ ಸಾಮರ್ಥ್ಯವೊಂದಿದೆ, ತಂತ್ರಾಂಶವು ನಡುವೆ ಊಹಿಸಿ ತುಂಬುವ ಚುಕ್ಕೆಗಳೊಂದಿವೆ, ಎರಡನೆಯದರಿಂದ ನಮಗೇನೂ ಪ್ರಯೋಜನವಿಲ್ಲ.

ಫೋಟೊ ಕಪ್ಪುಬಿಳುಪಿನದ್ದಾದರೂ ಬಣ್ಣದ ಸ್ಕ್ಯಾನ್ ಆಯ್ಕೆಯನ್ನೇ ಮಾಡಿಕೊಳ್ಳಿ. ಕಾಗದ ಹಳದಿಗಟ್ಟಿದಲ್ಲಿ, ಚಹಾ ಚೆಲ್ಲಿ ಕಲೆಯಾದಲ್ಲಿ, ಆ ಕಲೆ ನೀಲಿ ವಾಹಿನಿಯಲ್ಲಿ (ಬಣ್ಣದ ಚಿತ್ರವು ಕೆಂಪು, ಹಸಿರು, ನೀಲಿ ಎಂಬ ಮೂರು ವಾಹಿನಿಗಳು, ಅಂದರೆ ಬಣ್ಣದ ಪದರಗಳು, ಸೇರಿ ಆಗಿರುತ್ತದೆ) ಗಾಢವಾಗಿ ಕಂಡು ಕೆಂಪು ವಾಹಿನಿಯಲ್ಲಿ ಬಹುಮಟ್ಟಿಗೆ ಮಾಯವಾಗಿರುತ್ತದೆ; ಬಣ್ಣದಲ್ಲಿ ಸ್ಕ್ಯಾನ್ ಮಾಡಿದ್ದರೆ ಮಾತ್ರ ಮುಂದೆ ಆ ಕೆಂಪು ವಾಹಿನಿಯನ್ನಷ್ಟೇ ಆರಿಸಿಕೊಂಡು ಶುಭ್ರವಾದ ಕಪ್ಪುಬಿಳುಪು ಚಿತ್ರವನ್ನು ಪಡೆಯಬಹುದು. ಸ್ಕ್ಯಾನರ್ ತಂತ್ರಾಂಶದಲ್ಲಿರುವ ತಾನಾಗಿ ಚುರುಕುಗೊಳಿಸುವ, ತಾನಾಗಿ ದೂಳು ತೆಗೆಯುವ, ತಾನಾಗಿ ಬಣ್ಣ ಸರಿಪಡಿಸುವ ಆಯ್ಕೆಗಳನ್ನೆಲ್ಲ ಆಫ್ ಮಾಡಿಬಿಡಿ, ಏಕೆಂದರೆ ದೂಳು ಯಾವುದು, ಅಜ್ಜಿಯ ಮೂಗುತಿ ಯಾವುದು ಎಂಬ ವ್ಯತ್ಯಾಸ ಆ ಯಂತ್ರಕ್ಕೆ ತಿಳಿಯದು. ಹಿಂಬದಿಯ ಬರಹ ಮುಂದಕ್ಕೆ ಮೂಡುವಷ್ಟು ತೆಳು ಕಾಗದವಾದರೆ ಫೋಟೊದ ಬೆನ್ನಿಗೊಂದು ಕಪ್ಪು ಹಾಳೆ ಇಟ್ಟು ಮುಚ್ಚಳ ಹಾಕಿ.

ಕಡತವನ್ನು ಟಿಫ್ ರೂಪದಲ್ಲಿ ಉಳಿಸಿಕೊಳ್ಳಿ. ಜೆಪೆಗ್ ರೂಪವು ಕಡತವನ್ನು ಕಿರಿದಾಗಿಸಲು ಪ್ರತಿ ಬಾರಿ ಉಳಿಸುವಾಗಲೂ ಒಂದಿಷ್ಟು ವಿವರವನ್ನು ಬಿಟ್ಟುಬಿಡುತ್ತದೆ. ತಿದ್ದಿ ಉಳಿಸಿ, ಮತ್ತೆ ತಿದ್ದಿ ಉಳಿಸಿದಂತೆ ಆ ನಷ್ಟ ಕೂಡುತ್ತಾ ಹೋಗುತ್ತದೆ. ನೀವು ಹೇಳಿದ 350 ಫೋಟೊಗಳು ತಲಾ ಸುಮಾರು 26 ಎಂಬಿಯಂತೆ ಒಟ್ಟು 9 ಜಿಬಿಯ ಆಸುಪಾಸಿನಲ್ಲಿ ನಿಲ್ಲುತ್ತವೆ. ಇಂದಿನ ದಿನಗಳಲ್ಲಿ ಅದು ದೊಡ್ಡ ಹೊರೆಯೇನಲ್ಲ.

ಇನ್ನು ಮಗನ ಮಾತು. ಮೊಬೈಲ್ ಬೇಡವೆಂದೇನೂ ನಾನು ಹೇಳುವುದಿಲ್ಲ. ಕಪ್ಪು ಹಾಳೆಗೆ ಗೋಂದಿನಿಂದ ಅಂಟಿಸಿದ, ಕಿತ್ತರೆ ಹರಿಯುವ ಫೋಟೊಗಳಿಗೂ ಬೆನ್ನು ಮುರಿಯುವಂತಿರುವ ಆಲ್ಬಮ್‌ಗೂ ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯುವುದೇ ಕ್ಷೇಮ. ಆಗ ಫ್ಲ್ಯಾಶ್ ಬೇಡ, ಮುಖ ನುಣುಪಾಗಿಸುವ ಸೌಂದರ್ಯದ ಆಯ್ಕೆ ಬೇಡ, ಎರಡು ಪಟ್ಟು ಹತ್ತಿರ ತೋರಿಸುವ (2x) ಲೆನ್ಸ್ ಇದ್ದರೆ ಅದನ್ನೇ ಬಳಸಿ ಸ್ವಲ್ಪ ದೂರದಿಂದ ತೆಗೆಯಲಿ; ತೀರ ಹತ್ತಿರ ಹಿಡಿದರೆ ಅಂಚುಗಳು ಬಾಗುತ್ತವೆ. ಕ್ಯಾಮೆರಾ ಫೋಟೊಗೆ ನೇರ ಸಮಾನಾಂತರವಾಗಿದೆಯೇ ಎಂದು ನೋಡಲು ಒಂದು ಹಳೆಯ ಉಪಾಯವಿದೆ. ಫೋಟೊ ಇಡುವ ಜಾಗದಲ್ಲಿ ಚಪ್ಪಟೆ ಕನ್ನಡಿಯೊಂದನ್ನು ಇಡಿ. ಪರದೆಯ ನಟ್ಟನಡುವೆ ಲೆನ್ಸಿನ ಪ್ರತಿಬಿಂಬ ಕಂಡರೆ ಸರಿಯಾಗಿದೆ ಎಂದರ್ಥ. ಗೂಗಲ್‌ನ ಫೋಟೊಸ್ಕ್ಯಾನ್ ಆ್ಯಪ್ ಒಂದೇ ಫೋಟೊವನ್ನು ಹಲವು ಕೋನಗಳಿಂದ ತೆಗೆಸಿ ಹೊಳಪನ್ನು ಅಳಿಸುತ್ತದೆ. ಬಂಧುಗಳಿಗೆ ತೋರಿಸಲು ಅದು ಚೆನ್ನ, ಮೂಲಪ್ರತಿಯೆಂದು ಕಾದಿಡಲು ಅಲ್ಲ. ಯಾವ ದಾರಿ ಹಿಡಿದರೂ ಒಂದು ಕೆಲಸ ಮೊದಲು ಮಾಡಿ: ಫೋಟೊಗಳನ್ನು ಹೊರತೆಗೆಯುವ ಮುನ್ನ ಆಲ್ಬಮ್‌ನ ಪ್ರತಿ ಪುಟವನ್ನೂ ಇಡಿಯಾಗಿ ತೆಗೆದುಕೊಳ್ಳಿ. ಯಾವುದರ ಪಕ್ಕ ಯಾವುದಿತ್ತು ಎಂಬುದರಿಂದಲೇ ಎಷ್ಟೋ ಬಾರಿ ಫೋಟೊದ ವರ್ಷವೂ ಸಂದರ್ಭವೂ ತಿಳಿದುಬರುತ್ತವೆ.

ಪ್ರಶ್ನೆ: ನೆಲ್ಲಕ್ಕಿ ನಡುಬಾಡೆಯ (ಐನ್‌ಮನೆಯ ನಡುಮನೆಯ) ಗೋಡೆಯಲ್ಲಿದ್ದ ಮುತ್ತಜ್ಜನ ಫೋಟೊ ಚೌಕಟ್ಟಿನ ಗಾಜಿಗೇ ಅಂಟಿಕೊಂಡಿದೆ. ಮೂಲೆಯಲ್ಲಿ ಬಿಳಿ ಬೂಷ್ಟೂ ಹಿಡಿದಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಡಿಸಿ, ಸ್ಕ್ಯಾನ್ ಮಾಡಬಹುದೇ?
— ವಿರಾಜಪೇಟೆಯ ಓದುಗರು

ಉತ್ತರ: ದಯವಿಟ್ಟು ಒರೆಸಬೇಡಿ, ಬಿಡಿಸಲೂ ಹೋಗಬೇಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಹಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಚೌಕಟ್ಟಿನೊಳಗೆ ತೆಳು ಚಾಕು ತೂರಿಸಿ ಎಬ್ಬಿಸಲು ಹೋಗಿ, ನಮ್ಮ ದೊಡ್ಡಪ್ಪನವರ ಎಡಗೆನ್ನೆಯನ್ನು ಗಾಜಿನ ಮೇಲೆಯೇ ಬಿಟ್ಟೆ. ಅದಕ್ಕೆ ಮುಂಚೆ ಒಂದು ಚಿತ್ರವನ್ನಾದರೂ ತೆಗೆದಿಟ್ಟುಕೊಳ್ಳುವ ಬುದ್ಧಿ ನನಗೆ ಬಂದಿರಲಿಲ್ಲ.

ಹಳೆಯ ಫೋಟೊಗಳಲ್ಲಿ ಚಿತ್ರ ಇರುವುದು ಕಾಗದದ ಮೇಲಿನ ಜೆಲಾಟಿನ್ ಪದರದಲ್ಲಿ. ಜೆಲಾಟಿನ್ ತೇವ ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಗಾಜಿಗೆ ತಾಗಿದರೆ ಹಿಡಿದುಕೊಳ್ಳುತ್ತದೆ. ಒಣಗಿದ ಮೇಲೆ ಗಾಜಿನೊಡನೆ ಒಂದಾಗಿಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಊರುಗಳಲ್ಲಿ, ಗಾಜಿಗೂ ಫೋಟೊಗೂ ನಡುವೆ ರಟ್ಟಿನ ಅಂತರವಿಲ್ಲದೆ ಚೌಕಟ್ಟು ಹಾಕಿಸಿದರೆ ಆಗುವುದು ಇದೇ. ಬೂಷ್ಟಿಗೂ ಅದೇ ಜೆಲಾಟಿನ್ ಆಹಾರ. ಗಾಳಿಯ ತೇವಾಂಶ ಶೇಕಡ 65–70ನ್ನು ದಾಟಿದರೆ ಅದು ಹಬ್ಬುತ್ತದೆ. ಬೂಷ್ಟು ತಿಂದ ಜಾಗದ ಜೆಲಾಟಿನ್ ನೀರಿನಲ್ಲಿ ಕರಗುವಂತಾಗಿರುವುದರಿಂದ ಒದ್ದೆ ಬಟ್ಟೆ ತಾಗಿಸಿದರೆ ಚಿತ್ರವೇ ಬಟ್ಟೆಗೆ ಬರುತ್ತದೆ.

ನೀವು ಮಾಡಬೇಕಾದದ್ದು ಗಾಜಿನ ಮೂಲಕವೇ ಫೋಟೊ ತೆಗೆಯುವುದು. ಚೌಕಟ್ಟನ್ನು ಕೆಲವು ದಿನ ಗಾಳಿಯಾಡುವ, ನೇರ ಬಿಸಿಲು ಬೀಳದ ಒಣ ಜಾಗದಲ್ಲಿಡಿ. ಗಾಜಿನ ಹೊರಮೈಯನ್ನು ಮಾತ್ರ ಒಣ ಹತ್ತಿಬಟ್ಟೆಯಿಂದ ಒರೆಸಿ. ಕೋಣೆಯನ್ನು ಕತ್ತಲಾಗಿಸಿ, ಎಡಕ್ಕೂ ಬಲಕ್ಕೂ ಒಂದೇ ಬಗೆಯ ದೀಪಗಳನ್ನು ಸುಮಾರು 45 ಡಿಗ್ರಿ ಓರೆಯಲ್ಲಿಟ್ಟು, ಲೆನ್ಸ್ ತೂರುವಷ್ಟು ತೂತಿರುವ ಕಪ್ಪು ಬಟ್ಟೆಯನ್ನು ಕ್ಯಾಮೆರಾದ ಮುಂದೆ ಕಟ್ಟಿದರೆ ಗಾಜಿನಲ್ಲಿ ನಿಮ್ಮದೇ ನೆರಳು ಬೀಳುವುದಿಲ್ಲ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಟೈಮರ್ ಹಾಕಿ ತೆಗೆಯಿರಿ. ಚೌಕಟ್ಟನ್ನು ಸ್ಕ್ಯಾನರಿನ ಮೇಲೆ ಮಗುಚಿ ಹಾಕುವವರಿದ್ದಾರೆ; ಅಗ್ಗದ ತೆಳು ಸ್ಕ್ಯಾನರುಗಳಲ್ಲಿರುವ ಸಿಐಎಸ್ ಸಂವೇದಕವು ಗಾಜಿಗೆ ತಾಗಿದ್ದನ್ನು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಎರಡು ಮಿಲಿಮೀಟರ್ ಮೇಲಿದ್ದರೂ ಮಸುಕು. ಲೆನ್ಸ್ ಇರುವ ಸಿಸಿಡಿ ಬಗೆಯ ಸ್ಕ್ಯಾನರಾದರೆ ಸ್ವಲ್ಪ ತಾಳಿಕೊಳ್ಳುತ್ತದೆ.

ಇಷ್ಟಾದ ಮೇಲೆ ಬಿಡಿಸಲೇಬೇಕೆಂದಿದ್ದರೆ ಅದು ತರಬೇತಿ ಪಡೆದ ಸಂರಕ್ಷಕರ ಕೆಲಸ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ವಿಚಾರಿಸಿ ನೋಡಬಹುದು.

ಪ್ರಶ್ನೆ: 2018ರ ಆಗಸ್ಟ್‌ನ ಭೂಕುಸಿತದ ಸಮಯದಲ್ಲಿ ಮನೆಯೊಳಗೆ ಕೆಸರು ನೀರು ನುಗ್ಗಿತು. ಬಣ್ಣದ ಫೋಟೊಗಳ ಒಂದು ಕಟ್ಟು ಒಣಗಿ ಇಟ್ಟಿಗೆಯಂತಾಗಿದೆ. ಎಸೆಯಲು ಮನಸ್ಸಿಲ್ಲ.
— ಮಡಿಕೇರಿ ತಾಲ್ಲೂಕಿನ ಓದುಗರು

ಉತ್ತರ: ಎಸೆಯಬೇಡಿ. ಒಣಗಿದಂತೆಯೇ ಎಳೆದರೆ ಒಂದರ ಮುಖ ಇನ್ನೊಂದರ ಬೆನ್ನಿಗೆ ಹೋಗುತ್ತದೆ. ಪ್ಲಾಸ್ಟಿಕ್ ಲೇಪದ ಕಾಗದದ ಮೇಲೆ ಮುದ್ರಿಸಿದ ಬಣ್ಣದ ಫೋಟೊಗಳು, ಬೂಷ್ಟು ಹಿಡಿಯದಿದ್ದರೆ, ತಣ್ಣನೆಯ ಶುದ್ಧ ನೀರಿನಲ್ಲಿ ನೆನೆದಾಗ ತಾವಾಗಿ ಬಿಡಿಸಿಕೊಳ್ಳುವುದುಂಟು. ಆದರೆ ಎಂಟು ವರ್ಷಗಳ ಹತ್ತಿರ ಹೀಗೆಯೇ ಇದ್ದ ಕಟ್ಟಿನಲ್ಲಿ ಬೂಷ್ಟು ಇಲ್ಲವೆಂದು ಭರವಸೆ ಕೊಡುವುದು ಕಷ್ಟ. ಮೊದಲು ಮೇಲಿನದನ್ನು, ಕೆಳಗಿನದನ್ನು, ಅಂಚಿನಲ್ಲಿ ಕಾಣುವಷ್ಟನ್ನು ಇದ್ದಂತೆಯೇ ಕ್ಯಾಮೆರಾದಲ್ಲಿ ತೆಗೆದುಕೊಳ್ಳಿ. ಅನಂತರ ಹೋದರೆ ಹೋಗಲಿ ಎನ್ನಿಸುವ ಒಂದೆರಡನ್ನು ಮಾತ್ರ ನೀರಿನಲ್ಲಿ ಪರೀಕ್ಷಿಸಿ. ಕೈಯಿಂದ ಬಣ್ಣ ಹಚ್ಚಿದ ಫೋಟೊಗಳನ್ನು ಎಂದಿಗೂ ನೀರಿಗೆ ಹಾಕಬೇಡಿ.

ಮುಂದೆ ಯಾರಿಗಾದರೂ ಇಂಥ ಸ್ಥಿತಿ ಬಂದರೆ ನೆನಪಿರಲಿ: ನೆನೆದ ಫೋಟೊಗಳನ್ನು ಕಟ್ಟಿನಲ್ಲೇ ಒಣಗಲು ಬಿಡದೆ, ಎರಡು ದಿನಗಳೊಳಗೆ ತಣ್ಣೀರಿನಲ್ಲಿ ಕೆಸರು ತೊಳೆದು, ಒಂದೊಂದನ್ನಾಗಿ ಮುಖ ಮೇಲೆ ಮಾಡಿ ನೆರಳಿನಲ್ಲಿ ಹರವಬೇಕು.

ಪ್ರಶ್ನೆ: ಅಪ್ಪನ ಆಗ್ಫಾ ಕ್ಲಿಕ್ ಕ್ಯಾಮೆರಾದ ನೆಗೆಟಿವ್‌ಗಳು ಬಿಸ್ಕತ್ತಿನ ಡಬ್ಬದಲ್ಲಿ ಸಿಕ್ಕಿವೆ. ಪ್ರಿಂಟುಗಳೂ ಇವೆ. ಯಾವುದನ್ನು ಸ್ಕ್ಯಾನ್ ಮಾಡಿಸುವುದು ಒಳ್ಳೆಯದು?
— ಸೋಮವಾರಪೇಟೆಯ ಓದುಗರು

ಉತ್ತರ: ನೆಗೆಟಿವ್ ಚೆನ್ನಾಗಿದ್ದರೆ ನೆಗೆಟಿವನ್ನೇ. ಪ್ರಿಂಟ್ ಅದರ ಮಗು; ಮುದ್ರಿಸಿದವರ ಕತ್ತರಿ, ಕಾಗದದ ಮಿತಿ ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತವೆ. ಬಿಳಿಯಾಗಿ ಹೋದ ಪಂಚೆಯ ನೆರಿಗೆಗಳೂ ಕಪ್ಪಾಗಿ ಹೋದ ಕುಪ್ಯದ (ಕೊಡವರ ನಿಲುವಂಗಿಯ) ಮಡಿಕೆಗಳೂ ಎಷ್ಟೋ ಸಲ ನೆಗೆಟಿವ್‌ನಲ್ಲಿ ಹಾಗೆಯೇ ಉಳಿದಿರುತ್ತವೆ. ಆಗ್ಫಾ ಕ್ಲಿಕ್ III ಕ್ಯಾಮೆರಾ 120 ಫಿಲ್ಮಿನ ಒಂದು ಸುರುಳಿಯಲ್ಲಿ 6x6 ಸೆಂಟಿಮೀಟರಿನ 12 ಚಿತ್ರಗಳನ್ನು ತೆಗೆಯುತ್ತಿತ್ತು. ಆ ಅಳತೆಗೆ 2400 ಡಿಪಿಐ ಧಾರಾಳ. ಆ ಕ್ಯಾಮೆರಾದ ಸರಳ ಲೆನ್ಸ್ ಅದಕ್ಕಿಂತ ಹೆಚ್ಚಿನ ವಿವರವನ್ನೇನೂ ಹಿಡಿದಿರುವುದಿಲ್ಲ. 35 ಎಂಎಂ ನೆಗೆಟಿವ್‌ಗಳು ಚಿಕ್ಕವು, 24x36 ಮಿಲಿಮೀಟರ್ ಮಾತ್ರ, ಆದ್ದರಿಂದ ಅವಕ್ಕೆ 3200ರಷ್ಟಾದರೂ ಬೇಕು. ಮುಚ್ಚಳದಲ್ಲಿ ದೀಪವಿರುವ, ಫಿಲ್ಮಿಗೆಂದೇ ಚೌಕಟ್ಟು ಕೊಡುವ ಸ್ಕ್ಯಾನರ್ ಇರುವವರ ಬಳಿಗೆ ಹೋಗಿ. ಎಲ್ಲ ಸ್ಕ್ಯಾನರುಗಳಿಂದ ಈ ಕೆಲಸ ಆಗುವುದಿಲ್ಲ.

ಒಂದು ಎಚ್ಚರಿಕೆ. ಅತಿಗೆಂಪು ಕಿರಣದಿಂದ ದೂಳನ್ನು ಗುರುತಿಸಿ ಅಳಿಸುವ ಸೌಲಭ್ಯ ಬಣ್ಣದ ನೆಗೆಟಿವ್‌ಗಳಿಗೆ ಅನುಕೂಲ, ಆದರೆ ಕಪ್ಪುಬಿಳುಪಿನವುಗಳಲ್ಲಿ ಚಿತ್ರವೇ ಬೆಳ್ಳಿಯ ಕಣಗಳಿಂದ ಆಗಿದ್ದು ಅವೂ ಆ ಕಿರಣವನ್ನು ತಡೆಯುವುದರಿಂದ ಯಂತ್ರವು ಚಿತ್ರವನ್ನೇ ದೂಳೆಂದು ಭಾವಿಸುತ್ತದೆ. ಆ ಸೌಲಭ್ಯವನ್ನು ಆಫ್ ಮಾಡಿ, ರಬ್ಬರ್ ಬಲ್ಬಿನಿಂದ ಗಾಳಿ ಊದಿ ದೂಳು ತೆಗೆಯಲು ಹೇಳಿ. ಬಾಯಿಯಿಂದ ಊದುವುದು ಬೇಡ, ಉಗುಳಿನ ಹನಿ ಬೀಳುತ್ತದೆ.

ಪ್ರಶ್ನೆ: ನನ್ನ ಅಜ್ಜ ಸೇನೆಯಲ್ಲಿದ್ದವರು. ಅವರ ರೆಜಿಮೆಂಟಿನ ಗುಂಪುಫೋಟೊ ದಪ್ಪ ರಟ್ಟಿನ ಮೇಲಿದ್ದು, ಕೆಳಗೆ ಎಲ್ಲರ ಹೆಸರು ಅಚ್ಚಾಗಿದೆ. ಎ4 ಸ್ಕ್ಯಾನರಿಗೆ ಹಿಡಿಸುವುದಿಲ್ಲ.
— ಗೋಣಿಕೊಪ್ಪಲಿನ ಓದುಗರು

ಉತ್ತರ: ಕೊಡಗಿನಲ್ಲಿ ಇಂಥ ಫೋಟೊ ಇಲ್ಲದ ಒಕ್ಕ (ಮನೆತನ) ಅಪರೂಪವೆಂದೇ ಹೇಳಬೇಕು, ಮತ್ತು ಡಿಜಿಟಲ್ ಮಾಡುವಾಗ ಅತಿ ಹೆಚ್ಚು ಅನ್ಯಾಯವಾಗುವುದೂ ಇವಕ್ಕೇ. ನಾಲ್ಕು ಸಾಲು ಜನರಿರುವ ಚಿತ್ರದಲ್ಲಿ ಒಬ್ಬೊಬ್ಬರ ಮುಖ ಕಾಲು ಇಂಚಿನಷ್ಟಿರುತ್ತದೆ. 300 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಒಂದು ಮುಖಕ್ಕೆ ಸಿಗುವುದು 75 ಪಿಕ್ಸೆಲ್‌ಗಳು, 1200ಕ್ಕೆ ಮಾಡಿದರೆ 300. ಇಂಥ ಹಳೆಯ ಗುಂಪುಫೋಟೊಗಳಲ್ಲಿ ಹಲವನ್ನು ಅಷ್ಟೇ ದೊಡ್ಡ ನೆಗೆಟಿವ್‌ನಿಂದ ನೇರವಾಗಿ ಒತ್ತಿ ಮುದ್ರಿಸಿರುವುದರಿಂದ ಆ ವಿವರ ಕಾಗದದ ಮೇಲೆ ನಿಜವಾಗಿಯೂ ಇರುತ್ತದೆ. ಭೂತಗನ್ನಡಿ ಹಿಡಿದು ನೋಡಿ: ಎದೆಯ ಮೇಲಿನ ಪದಕಗಳ ಪಟ್ಟಿ ಬಿಡಿಬಿಡಿಯಾಗಿ ಕಂಡರೆ 1200ಕ್ಕೇ ಹೋಗಿ. ಮೊದಲ ಉತ್ತರದಲ್ಲಿ ಮೇಲಕ್ಕೆ ಹೋಗಬೇಡಿ ಎಂದ ಮಾತಿಗೆ ಇದೊಂದು ಅಪವಾದ.

ಭಾಗ ಭಾಗವಾಗಿ ಸ್ಕ್ಯಾನ್ ಮಾಡಿ ಜೋಡಿಸುವುದಾದರೆ ಒಂದು ಭಾಗದ ಕಾಲುಪಾಲಿನಷ್ಟು ಮುಂದಿನ ಭಾಗದಲ್ಲೂ ಬರಬೇಕು, ಫೋಟೊವನ್ನು ತಿರುಗಿಸದೆ ಒಂದೇ ದಿಕ್ಕಿನಲ್ಲಿ ಸರಿಸಬೇಕು, ಬೆಳಕಿನ ಹೊಂದಿಕೆ ಎಲ್ಲ ಭಾಗಗಳಿಗೂ ಒಂದೇ ಇರಬೇಕು. ಜೋಡಿಸಲು ಹ್ಯೂಜಿನ್ ಎಂಬ ಉಚಿತ ತಂತ್ರಾಂಶವಿದೆ. ಆದರೆ ದಪ್ಪ ರಟ್ಟು ಸ್ಕ್ಯಾನರಿನ ಅಂಚಿನ ಕಟ್ಟೆಯ ಮೇಲೆ ಕೂತು ಫೋಟೊ ಗಾಜಿನಿಂದ ಮೇಲೇಳುವುದಾದರೆ ಒತ್ತಿ ಕೂರಿಸುವ ಸಾಹಸ ಬೇಡ. ಹಳೆಯ ರಟ್ಟು ಹಪ್ಪಳದಂತೆ ಮುರಿಯುತ್ತದೆ, ಅದರೊಡನೆ ಫೋಟೊವೂ. ಅಂಥದ್ದಕ್ಕೆ ಒಳ್ಳೆಯ ಕ್ಯಾಮೆರಾದಲ್ಲಿ ಭಾಗಶಃ ತೆಗೆದು ಜೋಡಿಸುವುದೇ ದಾರಿ. ಹೆಸರಿನ ಪಟ್ಟಿಯನ್ನು ಕತ್ತರಿಸಿ ಬಿಡಬೇಡಿ. ರಟ್ಟಿನ ಅಂಚಿನವರೆಗೂ ಬರಲಿ. ಎಷ್ಟೋ ಸ್ಟುಡಿಯೊಗಳಲ್ಲಿ ಅಂದವಾಗಿ ಕಾಣಲೆಂದು ಅದನ್ನೇ ತೆಗೆದುಹಾಕುವುದನ್ನು ಕಂಡಿದ್ದೇನೆ.

ಪ್ರಶ್ನೆ: 1970ರ ದಶಕದ ಬಣ್ಣದ ಫೋಟೊಗಳು ಕೆಂಪಾಗಿವೆ. ಮಗಳು ಒಂದು ಆ್ಯಪ್‌ನಲ್ಲಿ ಅವನ್ನೂ, ಅಜ್ಜ-ಅಜ್ಜಿಯ ಕಪ್ಪುಬಿಳುಪು ಮದುವೆ ಫೋಟೊವನ್ನೂ ಬಣ್ಣ ತುಂಬಿಸಿ ಹೊಸದರಂತೆ ಮಾಡಿದ್ದಾಳೆ. ನೋಡಲು ಚೆನ್ನಾಗಿದೆ, ಆದರೆ ಅಜ್ಜ ಅಜ್ಜನಂತಿಲ್ಲ. ಏಕೆ?
— ಪೊನ್ನಂಪೇಟೆಯ ಓದುಗರು

ಉತ್ತರ: ಏಕೆಂದರೆ ಅದು ನಿಮ್ಮ ಅಜ್ಜನಲ್ಲ. ಮಸುಕಾದ ಮುಖದಲ್ಲಿ ಇಲ್ಲದ ವಿವರವನ್ನು ಆ ಆ್ಯಪ್ ತಾನು ಕಲಿತ ಲಕ್ಷಾಂತರ ಬೇರೆ ಮುಖಗಳಿಂದ ಊಹಿಸಿ ತುಂಬುತ್ತದೆ. ಕಣ್ಣು ಹೊಳೆಯುತ್ತದೆ, ಚರ್ಮ ನುಣುಪಾಗುತ್ತದೆ, ವಂಶದ ಮೂಗು ಮಾತ್ರ ಬೇರೆ ಯಾರದ್ದೋ ಆಗಿರುತ್ತದೆ. ಬಣ್ಣದ ಪಾಡೂ ಅಷ್ಟೇ. ಹಿಂದಿನ ಹಲವು ಫಿಲ್ಮುಗಳೂ ಗಾಜಿನ ಪ್ಲೇಟುಗಳೂ ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲವಾದ್ದರಿಂದ ಕೆಂಪು ರೇಷ್ಮೆಯ ಚೇಲೆ (ಸೊಂಟಕ್ಕೆ ಕಟ್ಟುವ ಪಟ್ಟಿ) ಅಂಥ ಫೋಟೊದಲ್ಲಿ ಕಪ್ಪಾಗಿ ಬಿದ್ದಿರುತ್ತದೆ. ಮದುಮಗನ ಬಿಳಿ ಕುಪ್ಯದ ಮೇಲೆ ಕಪ್ಪು ಪಟ್ಟಿಯೊಂದನ್ನು ಕಂಡ ಯಂತ್ರ ಅದನ್ನು ಚರ್ಮದ ಬೆಲ್ಟ್ ಎಂದು ತಿಳಿದು ಕಂದು ಬಣ್ಣ ಬಳಿದರೆ ಆಶ್ಚರ್ಯವಿಲ್ಲ. ಮಗಳ ಉತ್ಸಾಹಕ್ಕೆ ಅಡ್ಡಿ ಮಾಡಬೇಡಿ, ಆದರೆ ಆ ಚಿತ್ರದ ಹೆಸರಿನಲ್ಲೇ ‘ಆ್ಯಪ್‌ನಲ್ಲಿ ಬದಲಿಸಿದ್ದು’ ಎಂದು ಸೇರಿಸಲು ಹೇಳಿ, ಮತ್ತು ಅದು ಮೂಲ ಸ್ಕ್ಯಾನ್ ಇರುವ ಫೋಲ್ಡರಿನೊಳಗೆ ಹೋಗದಂತೆ ನೋಡಿಕೊಳ್ಳಿ. ಮೂವತ್ತು ವರ್ಷದ ಮೇಲೆ ನೋಡುವವರಿಗೆ ಯಾವುದು ನಿಜವೆಂದು ಹೇಳಲು ನಾವಿರುವುದಿಲ್ಲ.

ಕೆಂಪಾದ ಫೋಟೊಗಳ ಕಥೆ ಬೇರೆ. ಅಲ್ಲಿ ಊಹೆ ಬೇಕಿಲ್ಲ. ಬಣ್ಣದ ಪ್ರಿಂಟಿನಲ್ಲಿ ಹಳದಿ, ಕೆನ್ನೇರಳೆ, ಹಸಿರುನೀಲಿ ಎಂಬ ಮೂರು ವರ್ಣಪದರಗಳಿದ್ದು, ಆ ಕಾಲದ ಎಷ್ಟೋ ಕಾಗದಗಳಲ್ಲಿ ಹಸಿರುನೀಲಿ ಮೊದಲು ಮಾಸುತ್ತದೆ, ಮುಚ್ಚಿದ ಆಲ್ಬಮ್‌ನ ಕತ್ತಲೆಯಲ್ಲೂ. ಉಳಿದೆರಡು ಸೇರಿದಾಗ ಕಾಣುವುದು ಕೆಂಪು. ಹಸಿರುನೀಲಿ ಪೂರ್ತಿ ಹೋಗಿರದಿದ್ದರೆ, ವಾಹಿನಿಗೆ 16 ಬಿಟ್‌ನಂತೆ (ಛಾಯೆಗಳನ್ನು ಹೆಚ್ಚು ಸೂಕ್ಷ್ಮವಾಗಿ ಹಿಡಿಯುವ ಆಯ್ಕೆಯಲ್ಲಿ) ಸ್ಕ್ಯಾನ್ ಮಾಡಿ, ಜಿಂಪ್‌ನಂಥ ಉಚಿತ ತಂತ್ರಾಂಶದಲ್ಲಿ ಕೆಂಪು, ಹಸಿರು, ನೀಲಿ ವಾಹಿನಿಗಳ ಕಪ್ಪು-ಬಿಳಿ ತುದಿಗಳನ್ನು ಪ್ರತ್ಯೇಕವಾಗಿ ಹೊಂದಿಸಿದರೆ ಹುಲ್ಲು ಮತ್ತೆ ಹಸಿರಾಗುತ್ತದೆ. ಹತ್ತು ನಿಮಿಷದ ಕೆಲಸ, ಆದರೆ ಅದನ್ನೂ ನಕಲಿನ ಮೇಲೆ ಮಾಡಿ.

ಪ್ರಶ್ನೆ: ಅಣ್ಣ ಸ್ಕ್ಯಾನ್ ಮಾಡಿಸಿ ವಾಟ್ಸಾಪ್‌ನಲ್ಲಿ ಕಳುಹಿಸಿದ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಮಸುಕು. ಸ್ಕ್ಯಾನರ್ ಕೆಟ್ಟದ್ದೇ? ಇವನ್ನೆಲ್ಲ ಎಲ್ಲಿ ಕಾಪಾಡುವುದು?
— ಕುಶಾಲನಗರದ ಓದುಗರು

ಉತ್ತರ: ಸ್ಕ್ಯಾನರಿನ ತಪ್ಪಿರಲಾರದು. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿದರೆ ಕಡತ ಇದ್ದಂತೆಯೇ ತಲುಪುತ್ತದೆ. ಅಣ್ಣನವರಿಗೆ ಹಾಗೆ ಕಳುಹಿಸಲು ತಿಳಿಸಿ.

ಕಾಪಾಡಲು ಮೂರು ಪ್ರತಿಗಳಿರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಬಂಧುಗಳ ಮನೆಯಲ್ಲಿ. ಒಂದೇ ಮನೆಯಲ್ಲಿ ಹತ್ತು ಪ್ರತಿ ಇದ್ದರೂ ಒಂದು ಸಿಡಿಲು ಸಾಕು. ಪೆನ್‌ಡ್ರೈವ್ ಸಾಗಿಸಲು ಸರಿ, ಕಾದಿಡಲು ಅಲ್ಲ. ಗೂಗಲ್ ಫೋಟೊಸ್ ಬಳಸುವವರು ಮೂಲ ಗುಣಮಟ್ಟದ ಆಯ್ಕೆಯನ್ನು ಒತ್ತಿರಬೇಕು, ಉಚಿತವಾಗಿ ಸಿಗುವ 15 ಜಿಬಿ ಜಾಗದಲ್ಲಿ ಮೇಲ್ ಮತ್ತಿತರ ಕಡತಗಳೂ ಸೇರಿವೆ ಎಂಬುದನ್ನು ಮರೆಯಬಾರದು.

ಎಲ್ಲ ಓದುಗರಿಗೂ ಅನ್ವಯಿಸುವ ಮಾತೊಂದು ಉಳಿದಿದೆ. ಈ ಕೆಲಸಕ್ಕೆ ಸರಿಯಾದ ಕಾಲ ಕಾಫಿ ಕೊಯ್ಲು ಮುಗಿದು, ಕಾಫಿಯ ಹೂ ಅರಳಿಸುವ ಹೂಮಳೆ ಬೀಳುವುದಕ್ಕೆ ಮುಂಚಿನ ಒಣ ವಾರಗಳು. ಮಳೆಗಾಲದಲ್ಲಿ ಆಲ್ಬಮ್ ಬಿಚ್ಚಿದರೆ ತೇವವನ್ನು ಒಳಗೆ ಕರೆದಂತಾಗುತ್ತದೆ. ಫೋಟೊದ ಹಿಂಬದಿಯಲ್ಲಿ ಏನಾದರೂ ಬರಹವೋ ಸ್ಟುಡಿಯೊದ ಮುದ್ರೆಯೋ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಸ್ಕ್ಯಾನ್ ಮಾಡಿದ್ದನ್ನು ದೊಡ್ಡ ಪರದೆಯಲ್ಲಿಟ್ಟು ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಡದಿಂದ ಬಲಕ್ಕೆ ಯಾರು ಯಾರು, ಯಾವ ಒಕ್ಕದವರು, ಯಾರ ಮದುವೆ, ಯಾವ ಊರು ಎಂದು ಕೇಳಿ ಬರೆದುಕೊಳ್ಳಿ; ಅವರು ಮಾತಾಡುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡರೆ ಇನ್ನೂ ಒಳ್ಳೆಯದು. ಕಡತದ ಹೆಸರು ವರ್ಷದಿಂದ ಆರಂಭವಾಗಲಿ; ವರ್ಷ ಖಚಿತವಿಲ್ಲದಿದ್ದರೆ ‘1960ರ ದಶಕ’ ಎಂದಿರಲಿ, ಸುಳ್ಳು ನಿಖರತೆ ಬೇಡ. ಮೂಲ ಫೋಟೊದ ಬೆನ್ನ ಮೇಲೆ ಬಾಲ್‌ಪೆನ್ನಿನಿಂದ ಬರೆಯಬೇಡಿ, ಒತ್ತು ಮುಂಬದಿಗೆ ಮೂಡುತ್ತದೆ. ಹಳೆಯ ಕಾಗದವಾದರೆ ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಪೆನ್ಸಿಲ್ ಹಿಡಿಯದ ಪ್ಲಾಸ್ಟಿಕ್ ಲೇಪದ ಕಾಗದವಾದರೆ ಫೋಟೊಗೆಂದು ಕಾಗದದ ಲಕೋಟೆಯೊಂದನ್ನು ತೆಗೆದುಕೊಂಡು, ಲಕೋಟೆಯ ಮೇಲೆ ಬರೆಯಿರಿ. ಬರೆದ ಮೇಲೆ ಫೋಟೊ ಒಳಗಿಡಿ, ಮೊದಲಲ್ಲ.